ಗಾಳ ಕಳಕೊಂಡವನು ಕಂಡದ್ದು

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನಿಗೆ ಮೀನು ಬೇಕೆನಿಸಿದರೆ ಹುಬ್ಬು ಅಲುಗಿಸಿದರೆ ಸಾಕಿತ್ತು, ಬುಟ್ಟಿಗಟ್ಟಲೆ ಬಂದು ಬೀಳುತ್ತಿತ್ತು. ಬಲೆ ಬೀಸುವವರಿಗೆ ಅವನ ರಾಜ್ಯದಲ್ಲಿ ಬರವಿರಲಿಲ್ಲ. ಹಾಗಿದ್ದೂ 1129ರ ಸುಮಾರಿಗೆ ಅವನು ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಗಾಳ ಹಾಕಿ ಮೀನು ಹಿಡಿಯುವುದಕ್ಕೆಂದೇ ಒಂದು ಅಧ್ಯಾಯವಿದೆ. ಅದರ ಹೆಸರು ಮತ್ಸ್ಯವಿನೋದ. ನೂರು ಅಧ್ಯಾಯಗಳ ಆ ಹೆಬ್ಬೊತ್ತಗೆಯಲ್ಲಿ ರಾಜ್ಯ ಗಳಿಸುವುದು, ಗಳಿಸಿದ್ದನ್ನು ಉಳಿಸಿಕೊಳ್ಳುವುದು, ಅಡುಗೆ, ಆನೆ, ಸಂಗೀತ ಎಲ್ಲವೂ ಉಂಟು. ಅವುಗಳ ನಡುವೆ ಈ ಚಕ್ರವರ್ತಿ ನೀರಿನ ದಡದಲ್ಲಿ ಕೂತು ಯಾವ ಮೀನು ಸಮುದ್ರದ್ದು, ಯಾವುದು ಹೊಳೆಯದು, ಯಾವುದಕ್ಕೆ ಹುರುಪೆ ಇದೆ, ಯಾವುದಕ್ಕಿಲ್ಲ, ಯಾವುದಕ್ಕೆ ಏನು ಉಣಿಸಿ ಒಂದು ಜಾಗಕ್ಕೆ ರೂಢಿ ಮಾಡಬೇಕು, ಕೋಲು ಎಂಥದಿರಬೇಕು, ದಾರ ಎಂಥದಿರಬೇಕು ಎಂದು ಸಾವಧಾನವಾಗಿ ಹೇಳುತ್ತಾನೆ. ಇಂಗ್ಲೆಂಡಿನ ಐಸಾಕ್ ವಾಲ್ಟನ್ ಗಾಳದ ಮೇಲಿನ ತನ್ನ ಹೆಸರಾಂತ ಪುಸ್ತಕ ಅಚ್ಚು ಹಾಕಿಸಿದ್ದು 1653ರಲ್ಲಿ. ನಮ್ಮ ದೊರೆ ಅವನಿಗಿಂತ ಐನೂರು ವರ್ಷ ಹಿರಿಯ. ಮೀನುಶಾಸ್ತ್ರಜ್ಞ ಸುಂದರಲಾಲ್ ಹೋರಾ 1951ರಲ್ಲಿ ಈ ಅಧ್ಯಾಯದ ಬಗ್ಗೆ ಬರೆದು ಅದನ್ನು ವಿಜ್ಞಾನಿಗಳ ಮುಂದಿಟ್ಟರು.

ಸೋಮೇಶ್ವರ ನಮ್ಮ ಸಿರುಗುಪ್ಪ ಸೀಮೆಯವರಿಗೆ ತೀರ ಹೊರಗಿನವನಲ್ಲ. ಕುರುಗೋಡಿನಿಂದ ಬಲ್ಲಕುಂದೆ ನಾಡನ್ನು ಆಳಿದ ಸಿಂದರು ಕಲ್ಯಾಣದ ಚಾಲುಕ್ಯರ ಸಾಮಂತರು. ಆ ಲೆಕ್ಕದಲ್ಲಿ ಈ ಸೀಮೆಯ ನೀರೂ ಅವನದೇ. ಅವನು ಇಲ್ಲಿಗೆ ಬಂದು ಗಾಳ ಹಾಕಿದ್ದನೆಂದು ನಾನು ಹೇಳುತ್ತಿಲ್ಲ. ನನ್ನನ್ನು ಕಾಡುವುದು ಬೇರೆ. ಬಲೆಯಿದ್ದವನು ಗಾಳಕ್ಕೆ ಯಾಕೆ ಮನಸೋತ?

ಬಲೆಗೆ ಬೇಕಾದದ್ದು ಮೀನು. ಬೆಸ್ತರವನ ಬಲೆ ಒಂದು ಬೀಸಿಗೆ ಕೊಳ್ಳುವಷ್ಟು ಕೊಂಡು ಮೇಲೆ ಬರುತ್ತದೆ, ಆಮೇಲೆ ಲೆಕ್ಕ, ತೂಕ, ಸಂತೆ. ಗಾಳ ಹಾಕಿ ಕೂತವನ ಮನಸ್ಸಿನಲ್ಲೂ ಮೀನು ಇರುತ್ತದೆ ನಿಜ, ಆದರೆ ಅದರ ಜೊತೆ ಇನ್ನೊಂದು ಇರುತ್ತದೆ. ದಾರದ ಆ ತುದಿಯಲ್ಲಿ ಏನು ನಡೆಯುತ್ತಿದೆ ಎಂಬುದು ಅವನಿಗೆ ಕಾಣುವುದಿಲ್ಲ, ಕಾಣದೆ ಇರುವುದೇ ಅವನಿಗೆ ರುಚಿ. ಬೆಂಡು ಒಮ್ಮೆ ನಡುಗಿತು. ಗಾಳಿಯೋ? ಏಡಿಯೋ? ಮರಿಮೀನೊಂದು ಎರೆಹುಳುವಿನ ತುದಿ ಕಚ್ಚಿ ಓಡಿತೋ? ಕೆಳಗೆ ಒಂದು ಜೀವ ಈ ಕ್ಷಣ ಮನಸ್ಸು ಮಾಡುತ್ತಿದೆ ಎನ್ನುವುದಷ್ಟೇ ಬೆರಳಿಗೆ ತಿಳಿಯುತ್ತದೆ. ಊರಿನವರ ಕಣ್ಣಿಗೆ ಇವನು ಕೆಲಸಗೇಡಿ. ಹೆಂಡತಿಯ ಕಣ್ಣಿಗಂತೂ ಹೇಳುವುದೇ ಬೇಡ.

ನಮ್ಮ ದೇಶನೂರಿನ ಹೊಳೆ, ತುಂಗಭದ್ರೆ, ಇಂಥ ಕೆಲಸಗೇಡಿಗಳಿಗೆ ಹೇಳಿ ಮಾಡಿಸಿದ ಜಾಗ. ಆಚೆ ದಡ ಸಿಂಧನೂರು ಸೀಮೆ, ಈಚೆ ನಾವು. ಸಿರುಗುಪ್ಪ ತಾಲೂಕಿನ ಭತ್ತದ ಗದ್ದೆಗಳ ನಡುವೆ ಸಕ್ಕರೆ ಕಾರ್ಖಾನೆಯ ಚಿಮಣಿ ದೂರದಿಂದಲೇ ಊರಿನ ಗುರುತು ಹೇಳುತ್ತದೆ. ತುಂಗಭದ್ರೆಗೆ ವಿಜಯನಗರದವರು ಕಟ್ಟಿಸಿದ ಅಣೆಕಟ್ಟುಗಳ ಸಾಲಿನಲ್ಲಿ ನಮ್ಮೂರ ಹೆಸರಿನದೂ ಒಂದು ಕಾಲುವೆ ಇದೆ. ಸರ್ಕಾರಿ ಕಾಗದಗಳಲ್ಲಿ ರಾಯ, ಬಸವ, ತುರ್ತು, ರಾಮಸಾಗರ, ಕಂಪ್ಲಿ, ಸಿರುಗುಪ್ಪ ಕಾಲುವೆಗಳ ಜೊತೆ ‘ದೇಶನೂರು ಕಾಲುವೆ’ ಎಂದು ಬರೆದಿರುತ್ತದೆ. ಹಂಪಿಗೆ ಹೋಗಿ ಕಲ್ಲಿನ ರಥ ನೋಡಿ ಬೆರಗಾಗಿ ಬರುವವರಿಗೆ ನಾನು ಇದನ್ನು ಹೇಳುವುದುಂಟು: ಆ ಕಾಲದ ರಥ ನಿಂತಿದೆ, ಆ ಕಾಲದ ಕಾಲುವೆ ಇನ್ನೂ ನಡೆಯುತ್ತಿದೆ.

ಹೊಳೆ ಎಂದೆ, ಆದರೆ ಅದರ ಏರಿಳಿತ ಈಗ ಮಳೆಯೊಂದರ ಕೈಯಲ್ಲಿಲ್ಲ. ಹೊಸಪೇಟೆಯ ಅಣೆಕಟ್ಟಿನಲ್ಲಿ 33 ಗೇಟುಗಳಿವೆ, ನಮ್ಮ ದಡದ ಬಂಡೆ ಕಾಣುವುದೋ ಮುಳುಗುವುದೋ ಅಲ್ಲಿ ತೀರ್ಮಾನವಾಗುತ್ತದೆ. 2024ರ ಆಗಸ್ಟ್ 10ರ ರಾತ್ರಿ 19ನೆಯ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯಿತು. ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ಎತ್ತಬೇಕಾಯಿತು, ಲಕ್ಷ ಕ್ಯೂಸೆಕ್ ಆಸುಪಾಸಿನ ನೀರು ಕೆಳಗೆ ಬಂತು. ಎರಡನೇ ಬೆಳೆಗೆ ನೀರು ಉಳಿಯುವುದೇ ಎಂದು ರೈತರು ಎದೆ ಹಿಡಿದುಕೊಂಡಿದ್ದ ಆ ವಾರದಲ್ಲಿ, ಹರಿವ ನೀರಿಗೇ ತಾತ್ಕಾಲಿಕ ಗೇಟು ಇಳಿಸಿದ ಕನ್ನಯ್ಯ ನಾಯ್ಡು ಅವರ ಹೆಸರು ಇಲ್ಲಿನ ಚಹಾದಂಗಡಿಗಳಲ್ಲಿ ದೇವರ ಹೆಸರಿನಂತೆ ಓಡಾಡಿತು. ನೀರಿಳಿದ ಮೇಲೆ ದಡದ ತಗ್ಗುಗಳಲ್ಲಿ ಮಡು ನಿಂತವು, ಆ ಮಡುಗಳಲ್ಲಿ ಮೀನು. ಎಂಥ ಅನಾಹುತಕ್ಕೂ ಮಕ್ಕಳ ಲೆಕ್ಕ ಬೇರೆ. ಟವೆಲ್ಲನ್ನೇ ಬಲೆ ಮಾಡಿಕೊಂಡು ಅವರು ಇಳಿದೇಬಿಟ್ಟರು.

ಮಳೆಗಾಲದ ಮೊದಲ ದೊಡ್ಡ ಮಳೆಗೆ ಗದ್ದೆಯಲ್ಲಿ ಕೊರಮೀನು ಕಾಣಿಸುವುದನ್ನು ನೋಡಿದವರಿಗೆ ಅದು ಎಲ್ಲಿಂದ ಬಂತೆಂಬ ಪ್ರಶ್ನೆ ಹುಟ್ಟಲೇಬೇಕು. ಮಳೆಯ ಜೊತೆ ಮುಗಿಲಿಂದ ಉದುರುತ್ತದೆ ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಶಾಲೆಯಲ್ಲಿ ಮೇಷ್ಟ್ರು ಅದು ಸುಳ್ಳು ಎಂದರು, ಹಾಗಾದರೆ ಎಲ್ಲಿಂದ ಎಂದು ಹೇಳಲಿಲ್ಲ. ಆಮೇಲೆ ಓದಿ ತಿಳಿದೆ: ಕೊರಮೀನಿನ ತಲೆಯಲ್ಲಿ ಕಿವಿರುಗಳ ಮೇಲೆ ಗಾಳಿ ಉಸಿರಾಡುವ ಒಂದು ಅಂಗವಿದೆ. ಅದು ನೀರಿನ ಮೇಲಕ್ಕೆ ಬಂದು ಗಾಳಿ ಗುಟುಕರಿಸುತ್ತದೆ, ಕೆಸರು ಒದ್ದೆಯಾಗಿದ್ದರೆ ನೀರಿಲ್ಲದೆಯೂ ಕೆಲಕಾಲ ಬದುಕುತ್ತದೆ, ಒದ್ದೆ ನೆಲದ ಮೇಲೆ ತೆವಳಿ ಒಂದು ಹೊಂಡದಿಂದ ಇನ್ನೊಂದಕ್ಕೆ ದಾಟುತ್ತದೆ. ಇನ್ನೂ ವಿಚಿತ್ರವೆಂದರೆ, ಮೇಲೆ ಬರಲಾಗದಂತೆ ತಡೆದರೆ ಅದು ನೀರಿನಲ್ಲೇ ಉಸಿರುಗಟ್ಟಿ ಸಾಯುತ್ತದೆ. ನೀರಿನಲ್ಲಿ ಮುಳುಗಿ ಸಾಯುವ ಮೀನು! ಅಜ್ಜಿಯ ಮಾತಿಗಿಂತ ಇದೇ ನಂಬಲು ಕಷ್ಟ. ತಿಳಿದುಕೊಂಡರೆ ಬೆರಗು ಸತ್ತುಹೋಗುತ್ತದೆ ಎನ್ನುವವರು ಒಮ್ಮೆ ಕೊರಮೀನಿನ ಬಗ್ಗೆ ತಿಳಿದುಕೊಳ್ಳಲಿ.

ಸಿರುಗುಪ್ಪದ ಮೀನಿನಂಗಡಿಯಲ್ಲಿ ರಾಶಿ ಬಿದ್ದಿರುವ ಕಾಟ್ಲಾ, ರೋಹು, ಮೃಗಾಲ್‌ಗಳನ್ನು ಎಲ್ಲರೂ ನಮ್ಮ ಹೊಳೆಯ ಮೀನೆಂದೇ ಕೊಳ್ಳುತ್ತಾರೆ. ಅವುಗಳ ತವರು ಗಂಗಾ ಬಯಲು. 1957ರ ಜುಲೈ 10ರಂದು ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಎಂಬ ವಿಜ್ಞಾನಿ ಪಿಟ್ಯುಟರಿ ಗ್ರಂಥಿಯ ರಸ ಚುಚ್ಚಿ ಈ ಜಾತಿಯ ಮೀನುಗಳು ಹೊಂಡದಲ್ಲೇ ಮೊಟ್ಟೆಯಿಡುವಂತೆ ಮಾಡಿದರು. ಅಲ್ಲಿಯವರೆಗೆ ಮರಿ ಬೇಕಾದರೆ ನೆರೆ ಬಂದ ಹೊಳೆಯಲ್ಲಿ ಹುಡುಕಬೇಕಿತ್ತು, ಅಲ್ಲಿಂದಾಚೆಗೆ ದೇಶದ ಕೆರೆಕಟ್ಟೆಗಳೆಲ್ಲ ಒಂದೇ ಮನೆತನದ ಮೀನಿಗೆ ತವರಾದವು. ಹೀಗೆ ಉತ್ತರದವರು ಬಂದು ನಮ್ಮ ತಟ್ಟೆಯಲ್ಲಿ ನಮ್ಮವರಾಗಿಬಿಟ್ಟಿದ್ದಾರೆ.

ಉತ್ತರವೆಂದರೆ ಇದಕ್ಕಿಂತ ಬಹಳ ಆಚೆಯ ಉತ್ತರದ ಮಾತೊಂದಿದೆ. ನನ್ನಕ್ಕನ ಮಗ ಕೆನಡಾದ ಎಡ್ಮಂಟನ್‌ನಲ್ಲಿ ಕೆಲಸದಲ್ಲಿದ್ದಾನೆ. ಚಿಕ್ಕವನಿದ್ದಾಗ ರಜೆಗೆ ಬಂದರೆ ನನ್ನ ಹಿಂದೆ ಹೊಳೆಗೆ ಬರುತ್ತಿದ್ದ, ಜೋಳದ ದಂಟಿನ ಬೆಂಡು ಕಟ್ಟುವುದನ್ನು ಕಲಿತದ್ದು ಇಲ್ಲೇ. ಅವನು ಒಂದು ಬೇಸಿಗೆ ರಜೆಯಲ್ಲಿ ಹೆಂಡತಿ ಮಕ್ಕಳನ್ನು ಬಿಟ್ಟು ಒಬ್ಬನೇ ಗ್ರೇಟ್ ಬೇರ್ ಸರೋವರದ ದಡದ ಒಂದು ಮೀನುಗಾರರ ವಸತಿಗೆ ಹೋಗಿಬಂದ. ಆ ಕಡೆ ಇಂಥವು ಬಹಳ. ಮರದ ದಿಮ್ಮಿಯ ಕೋಣೆ, ದೋಣಿ, ಜಾಗ ತೋರಿಸುವ ಒಬ್ಬ ಮನುಷ್ಯ, ಊಟ. ರಸ್ತೆಯಿಲ್ಲ, ಸಣ್ಣ ವಿಮಾನವೇ ಗತಿ. ಸರೋವರದ ವಿಸ್ತಾರ 31,000 ಚದರ ಕಿಲೋಮೀಟರ್, ಅಂದರೆ ಹಳೆಯ ಅಖಂಡ ಬಳ್ಳಾರಿಯಂಥ ಜಿಲ್ಲೆ ಮೂರು ಮುಳುಗಿ ಇನ್ನೂ ಜಾಗ ಉಳಿಯುತ್ತದೆ. ಉತ್ತರ ಧ್ರುವವೃತ್ತ ಅದರ ಮೇಲೇ ಹಾದುಹೋಗುತ್ತದೆ. ಜುಲೈ ಬಂದರೂ ಮಂಜುಗಡ್ಡೆ ತೇಲುತ್ತಿರುತ್ತದೆ, ಕತ್ತಲೆನ್ನುವಂಥ ಕತ್ತಲು ಆಗುವುದಿಲ್ಲ.

‘ಮಾಮ, ಅಲ್ಲಿ ರಾತ್ರಿನ ಆಗದಿಲ್ಲ ನೋಡು. ಹನ್ನೆರಡು ಗಂಟಿಗೂ ಗಾಳ ಹಾಕ್ಕೊಂತ ಕುಂದ್ರಬೌದು.’

‘ಮತ್ತ ಯಾವಾಗ ಮಲಗಿದ್ಯೋ?’

‘ನಿದ್ದಿ ಯಾರಿಗೆ ಬೇಕು ಮಾಮ, ಒಂದು ದಿನಕ್ಕ ಎಷ್ಟು ರೊಕ್ಕ ಬೀಳ್ತೈತಿ ಗೊತ್ತೈತೇನು!’

ಎಷ್ಟು ಎಂದು ಕೇಳಿದೆ. ಹೇಳಿದ. ನಮ್ಮ ಕಡೆ ಆ ರೊಕ್ಕಕ್ಕೆ ಒಂದು ಎಕರೆಯ ಭತ್ತ ನಾಟಿಯಿಂದ ಹಿಡಿದು ಕೊಯ್ಲಿನವರೆಗೆ ಸಾಕಿ ಇನ್ನೂ ಕೈಯಲ್ಲಿ ಉಳಿಯುತ್ತಿತ್ತು. ಸಿಕ್ಕಿದ ಟ್ರೌಟ್ ಮೀನುಗಳನ್ನೆಲ್ಲ ಒಂದು ಫೋಟೊ ತೆಗೆದು ನೀರಿಗೇ ಬಿಟ್ಟನಂತೆ. ಅಲ್ಲಿ ಅದೇ ಪದ್ಧತಿ, ಅದಕ್ಕೆ ಕಾರಣವೂ ಇದೆ. ತಣ್ಣನೆಯ ನೀರಿನಲ್ಲಿ ಆ ಮೀನು ಬಲು ನಿಧಾನ ಬೆಳೆಯುತ್ತದೆ, ಐವತ್ತು ವರ್ಷ ದಾಟಿ ಬದುಕಿದವುಗಳೂ ಇವೆ. 1995ರಲ್ಲಿ ಅದೇ ಸರೋವರದಲ್ಲಿ 72 ಪೌಂಡಿನ, ಎಂದರೆ 32 ಕಿಲೋ ಮೀರಿದ ಒಂದು ಮೀನು ಗಾಳಕ್ಕೆ ಬಿದ್ದು ದಾಖಲೆಯಾಯಿತು. ಅಂಥದನ್ನು ತಿಂದು ಮುಗಿಸಿದರೆ ಒಂದು ತಲೆಮಾರಿನ ಸಾಲ ತೀರಿಸಬೇಕು.

ಈ ಬಿಡುವ ಸಂಗತಿಯನ್ನು ದಡದಲ್ಲಿ ಬಲೆ ಹೆಣೆಯುತ್ತ ಕೂತ ಬೆಸ್ತರಜ್ಜನಿಗೆ ಹೇಳಿದೆ. ಅವನು ತಲೆಯೆತ್ತದೆ ಕೇಳಿದ, ‘ಬಿಡಾದಿದ್ರ ಹಿಡಿಯಾದ್ಯಾಕ?’ ನನ್ನ ಬಳಿ ಉತ್ತರವಿರಲಿಲ್ಲ, ಈಗಲೂ ಪೂರ್ತಿಯಾಗಿ ಇಲ್ಲ. ನಾನು ಹಿಡಿದದ್ದನ್ನು ತಿನ್ನುವವನು. ತಿನ್ನುವುದಕ್ಕಾಗಿ ಒಂದು ಜೀವದ ಬಾಯಿಗೆ ಕೊಕ್ಕೆ ಹಾಕುವುದು, ಖುಷಿಗಾಗಿ ಹಾಕಿ ಕ್ಷಮೆ ಕೇಳಿದಂತೆ ಬಿಡುವುದು, ಇವೆರಡರಲ್ಲಿ ಯಾವುದು ಮೇಲು ಎಂದು ಮೀನನ್ನು ಕೇಳಿದರೆ ಅದು ಎರಡೂ ಬೇಡವೆಂದೀತು. ಗಾಳದ ಆನಂದದಲ್ಲಿ ಈ ಕೊಕ್ಕೆ ಇದ್ದೇ ಇದೆ. ಅದನ್ನು ಮರೆಸಿ ಬರೆಯುವ ಮೀನು-ಬೇಟೆಯ ಕಾವ್ಯಗಳು ನನಗೆ ಒಗ್ಗುವುದಿಲ್ಲ.

ಅಳಿಯ ತಂದ ಫೋಟೊಗಳಿಗಿಂತ ಅವನು ತಂದ ಒಂದು ಕತೆ ನನ್ನ ತಲೆಯಲ್ಲಿ ಕೂತಿತು. ಆ ಸರೋವರದ ದಡದಲ್ಲಿ ಡೆಲಿನೆ ಎಂಬ ಒಂದೇ ಒಂದು ಊರಿದೆ, ಸಾಹ್ತು ಡೆನೆ ಎಂಬ ಮೂಲನಿವಾಸಿಗಳ ಊರು. ಅವರ ಹಿರಿಯರು ಹೇಳಿಕೊಂಡು ಬಂದದ್ದು ಹೀಗೆ. ಅವರ ಪೂರ್ವಜನೊಬ್ಬ ಸರೋವರದಲ್ಲಿ ನಾಲ್ಕು ಗಾಳ ಬಿಟ್ಟಿದ್ದ. ಮರುದಿನ ಬಂದು ನೋಡಿದರೆ ಇಲ್ಲ, ದೊಡ್ಡ ಮೀನೊಂದು ಒಯ್ದಿತ್ತು. ಗಾಳ ಸಿಗುವುದೇ ದುರ್ಲಭವಾಗಿದ್ದ ಕಾಲ. ಮನಸ್ಸು ತಡೆಯಲಿಲ್ಲ. ಆ ರಾತ್ರಿ ಅವನು ಕನಸಿನಲ್ಲಿ ಮೀನಿನೊಳಗೆ ಸೇರಿ ನೀರಿಗಿಳಿದ, ತನ್ನ ಗಾಳ ಹುಡುಕಿಕೊಂಡು. ಸರೋವರದ ನಡುವಿನಿಂದ ಭೋರೆನ್ನುವ ಸದ್ದು ಕೇಳಿತು. ಹತ್ತಿರ ಹೋದ. ತಳದಲ್ಲಿ ಒಂದು ಹೃದಯ ಮಿಡಿಯುತ್ತಿತ್ತು. ಟ್ರೌಟ್, ಬಿಳಿಮೀನು, ಸಕಲ ಜಾತಿಯ ಮೀನುಗಳೂ ಅದರ ಕಡೆಗೆ ಮುಖ ಮಾಡಿ ಕಾವಲು ನಿಂತಿದ್ದವು. ಭೂಮಿಯ ಮೇಲಿನ ಎಲ್ಲ ನೀರಿಗೂ, ಎಲ್ಲ ಜೀವಕ್ಕೂ ಉಸಿರು ಕೊಡುವುದು ಆ ನೀರ ಹೃದಯ ಎನ್ನುತ್ತಾರೆ ಅವರು.

ಇದು ಬರೀ ಅಜ್ಜಿಕತೆಯಾಗಿ ಉಳಿದಿಲ್ಲ. ಸರೋವರವನ್ನೂ ಅದರ ಜಲಾನಯನವನ್ನೂ ಹೇಗೆ ನೋಡಿಕೊಳ್ಳಬೇಕೆಂದು 2005ರಲ್ಲಿ ಆ ಜನ ಸರ್ಕಾರದವರೊಂದಿಗೆ ಕೂತು ಒಪ್ಪಿದ ಯೋಜನೆಯ ಹೆಸರೇ ‘ನೀರ ಹೃದಯ’. 2016ರಲ್ಲಿ ಯುನೆಸ್ಕೊ ಆ ಪ್ರದೇಶವನ್ನು ತ್ಸಾ ಟುವೆ ಎಂಬ ಹೆಸರಿನಲ್ಲಿ ಜೀವಗೋಳ ರಕ್ಷಿತ ಪ್ರದೇಶವಾಗಿ ಗುರುತಿಸಿತು. ಒಂದು ಕನಸಿನ ಕತೆ ಸರ್ಕಾರಿ ಕಡತದ ರಕ್ಷಾಪುಟದ ಮೇಲೆ ಕೂತದ್ದು ನನಗೆ ಬಹಳ ಹಿಡಿಸಿತು. ನಮ್ಮಲ್ಲಿ ಗಂಗೆ ಪೂಜೆ ಮಾಡಿ ಬಾಗಿನ ಬಿಡುತ್ತೇವೆ, ಮಾರನೆಯ ದಿನದ ಕಡತದಲ್ಲಿ ಬರೀ ಟಿಎಂಸಿ.

ಆ ಕತೆಯಲ್ಲಿ ನಾನು ಮತ್ತೆ ಮತ್ತೆ ಹೋಗಿ ನಿಲ್ಲುವುದು ಹೃದಯದ ಹತ್ತಿರವಲ್ಲ, ಗಾಳದ ಹತ್ತಿರ. ಅವನು ಸತ್ಯ ಹುಡುಕಿ ಹೊರಟ ಋಷಿಯಲ್ಲ. ನಾಲ್ಕು ಗಾಳ ಕಳೆದುಹೋದದ್ದಕ್ಕೆ ಹೊಟ್ಟೆಯುರಿದು ನಿದ್ದೆಗೆಟ್ಟ ಮನುಷ್ಯ. ನಮ್ಮ ಪುರಾಣಗಳಲ್ಲಿ ದರ್ಶನ ಬೇಕಾದವನು ಒಂಟಿಕಾಲಲ್ಲಿ ನಿಲ್ಲುತ್ತಾನೆ. ಇವನಿಗೆ ಕೊಕ್ಕೆಯ ಚಿಂತೆಯೇ ದಾರಿಯಾಯಿತು. ನಮ್ಮ ಹೊಳೆಯಲ್ಲೂ ಗಾಳ ಬಂಡೆಸಂದಿಗೆ ಸಿಕ್ಕಿಕೊಳ್ಳುವುದು ದಿನದ ಮಾತು. ಎಳೆದರೆ ದಾರ ಹರಿಯುತ್ತದೆ. ಬೇಸಿಗೆಯಾದರೆ ಪಂಚೆ ಎತ್ತಿ ಕಟ್ಟಿ ಇಳಿಯಬೇಕು, ಕಾಲ್ಬೆರಳಿನಲ್ಲಿ ತಡಕಬೇಕು. ಹಾಗೆ ತಡಕುವಾಗಲೇ ನನಗೆ ಹೊಳೆಯ ತಳ ಪರಿಚಯವಾದದ್ದು. ಮೇಲಿನಿಂದ ಒಂದೇ ನೀರೆಂದು ಕಾಣುವುದು ಕೆಳಗೆ ಒಂದೇ ಅಲ್ಲ. ಒಂದು ಮಾರು ಬೆಚ್ಚಗೆ, ಮುಂದಿನ ಮಾರಿಗೆ ಕಾಲು ಮರಗಟ್ಟುವಷ್ಟು ತಣ್ಣಗೆ. ಇಲ್ಲಿ ಉಸುಕು, ಅಲ್ಲಿ ಲೋಳೆ, ಬಂಡೆಯ ಹೊಟ್ಟೆಯಲ್ಲಿ ಒಂದು ಗವಿ, ಗವಿಯಲ್ಲಿ ಏನೋ ಸರಿದಂತೆ. ಮೊಸಳೆಗಳಿರುವ ಹೊಳೆಯಾದ್ದರಿಂದ ಆ ‘ಏನೋ’ ಬಗ್ಗೆ ಹೆಚ್ಚು ಹೊತ್ತು ಧ್ಯಾನ ಮಾಡುವಂತಿಲ್ಲ.

ಮೇಲುಗಡೆ ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ನೀರುನಾಯಿಗಳಿಗಾಗಿ ಸಂರಕ್ಷಿತ ಪ್ರದೇಶವೆಂದು ಸರ್ಕಾರ ಘೋಷಿಸಿದೆ. ನೀರುನಾಯಿಗೆ ಕಂಪ್ಲಿಯ ಗಡಿ ಗೊತ್ತಿಲ್ಲ, ಅದು ಕೆಳಗೂ ಬರುತ್ತದೆ. ಮೀನು ಹಿಡಿಯುವುದರಲ್ಲಿ ಅದರ ಮುಂದೆ ಸೋಮೇಶ್ವರನೂ ಇಲ್ಲ, ನನ್ನಳಿಯನೂ ಇಲ್ಲ.

ನೀನು ಹೋಗಿಬಂದಂಥ ಮೀನುಗಾರರ ವಸತಿಗಳು ಕರ್ನಾಟಕದಲ್ಲೇ ಇದ್ದವಲ್ಲ ಎಂದು ಅಳಿಯನಿಗೆ ಹೇಳಿದೆ, ಅವನಿಗೆ ಗೊತ್ತಿರಲಿಲ್ಲ. ಕಾವೇರಿಯ ದಡದಲ್ಲಿ ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿ. ಜಂಗಲ್ ಲಾಡ್ಜಸ್ ಸಂಸ್ಥೆಯ ಆ ಶಿಬಿರಗಳಿಗೆ ಒಂದು ಕಾಲದಲ್ಲಿ ಇಂಗ್ಲೆಂಡಿನಿಂದ ಒಂಟಿ ಮೀನುಬೇಟೆಗಾರರು ವರ್ಷವರ್ಷ ಬರುತ್ತಿದ್ದರು. ಬರುತ್ತಿದ್ದದ್ದು ಮಹಸೀರ್ ಎಂಬ ದೊಡ್ಡ ಮೀನಿಗಾಗಿ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ 120 ಪೌಂಡಿನ, ಎಂದರೆ 54 ಕಿಲೋ ತೂಕದ ಮಹಸೀರ್ ಹಿಡಿದಿದ್ದರು. ಆಮೇಲೆ ಅದು ಕಟ್ಟುಕತೆಯಾಗಿ, ಮೀನೇ ಉಳಿದಿಲ್ಲವೆಂದು ಜನ ಮರೆತಿದ್ದಾಗ 1970ರ ದಶಕದ ಕೊನೆಯಲ್ಲಿ ಮೂವರು ಬ್ರಿಟಿಷ್ ತರುಣರು ಹುಡುಕಿಕೊಂಡು ಬಂದರು, ಕಾವೇರಿಯಲ್ಲಿ ಮತ್ತೆ ದೈತ್ಯ ಮೀನು ಹಿಡಿದು ಜಗತ್ತಿಗೆ ತೋರಿಸಿದರು. ಅಲ್ಲಿಂದ ಹಿಡಿದು ತೂಗಿ, ತಬ್ಬಿಕೊಂಡು ಫೋಟೊ ತೆಗೆಸಿಕೊಂಡು ಬಿಡುವ ಪದ್ಧತಿ ಬೆಳೆಯಿತು. ವನ್ಯಜೀವಿ ಕಾಯಿದೆಯ ಪ್ರಕಾರ ಅಭಯಾರಣ್ಯದೊಳಗೆ ಗಾಳವೂ ಬೇಟೆಯೇ ಎಂದು ತೀರ್ಮಾನವಾಗಿ 2010ರ ನಂತರದ ವರ್ಷಗಳಲ್ಲಿ ಅಲ್ಲಿ ಗಾಳ ನಿಂತಿತು.

ಈಗ ಬೆರಗಿನ ಭಾಗ. ಬೆನ್ನು ಉಬ್ಬಿದ, ಕಿತ್ತಳೆ ಬಣ್ಣದ ರೆಕ್ಕೆಯ ಆ ದೊಡ್ಡ ಮಹಸೀರ್‌ಗೆ ಶಾಸ್ತ್ರೀಯವಾಗಿ ಯಾವ ಹೆಸರೆಂದು ಇಷ್ಟೂ ಕಾಲ ಯಾರಿಗೂ ಖಚಿತವಿರಲಿಲ್ಲ. ನೂರೈವತ್ತು ವರ್ಷ ಅದನ್ನು ಹಿಡಿದಿದ್ದಾರೆ, ಪುಸ್ತಕಗಳಲ್ಲಿ ವರ್ಣಿಸಿದ್ದಾರೆ, ಗೋಡೆಗೆ ತೂಗುಹಾಕಿದ್ದಾರೆ, ತೋಳಲ್ಲಿ ಮಗುವಿನಂತೆ ಎತ್ತಿ ನಗುತ್ತ ನಿಂತಿದ್ದಾರೆ. 2007ರಲ್ಲಿ ಕೇರಳದ ಪಾಂಬಾರ್ ಹೊಳೆಯಲ್ಲಿ ಸಿಕ್ಕ ಸಣ್ಣ ಮಹಸೀರ್‌ಗಳನ್ನು ನೋಡಿ ಇಬ್ಬರು ವಿಜ್ಞಾನಿಗಳು ಅವಕ್ಕೆ ‘ಟಾರ್ ರೇಮಾದೇವಿ’ ಎಂದು, ಮೀನುಶಾಸ್ತ್ರಜ್ಞೆ ರೇಮಾದೇವಿ ಅವರ ಹೆಸರಿಟ್ಟರು. ಪಾಂಬಾರ್ ಕಾವೇರಿಯ ಜಲಾನಯನಕ್ಕೇ ಸೇರಿದ್ದು. ಆ ಪುಟ್ಟ ಮೀನೂ ಕಾವೇರಿಯ ಆ ದೈತ್ಯವೂ ಒಂದೇ ಎಂದು ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮುಂತಾದವರು ತೋರಿಸಿದ್ದು 2018ರಲ್ಲಿ. ಅದೇ ವರ್ಷದ ಕೊನೆಗೆ ಅದು ವಿನಾಶದ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿತು. ಹೆಸರು ಬಂದ ವರ್ಷವೇ ಆಯುಷ್ಯದ ಕೊನೆಯ ಎಚ್ಚರಿಕೆ.

ಕಾರಣಗಳಲ್ಲಿ ಅಣೆಕಟ್ಟು ಇದೆ, ಮರಳು ದಂಧೆ ಇದೆ, ಸಿಡಿಮದ್ದು ಇದೆ. ಅವುಗಳ ಜೊತೆ ಒಳ್ಳೆಯ ಮನಸ್ಸೂ ಇದೆ. ಮಹಸೀರ್ ಕಡಿಮೆಯಾಗುತ್ತಿದೆಯೆಂದು 1970ರ ದಶಕದಿಂದ ಲೋನಾವಳದಲ್ಲಿ ಮರಿ ಮಾಡಿಸಿ ದೇಶದ ಹೊಳೆಗಳಿಗೆಲ್ಲ ಬಿಡುತ್ತ ಬಂದರು. ಕಾವೇರಿಗೂ ಬಿಟ್ಟರು. ಅದು ನೀಲಿ ರೆಕ್ಕೆಯ ಬೇರೆ ಮಹಸೀರ್. ಅದು ಚೆನ್ನಾಗಿ ಹೆಚ್ಚಿತು, ಗಾಳಕ್ಕೂ ಧಾರಾಳವಾಗಿ ಬಿತ್ತು, ಎಲ್ಲರಿಗೂ ಸಂತೋಷವಾಯಿತು. ಮನೆಯವನು ಸದ್ದಿಲ್ಲದೆ ಕಡಿಮೆಯಾಗುತ್ತಿದ್ದದ್ದು ಗೊತ್ತಾಗಲಿಲ್ಲ. ಎರಡೂ ಮಹಸೀರೇ ಅಲ್ಲವೇ. ಗೊತ್ತಾಗುವಂತೆ ಮಾಡಿದ್ದೂ ಗಾಳದವರು ಬರೆದಿಟ್ಟ ಲೆಕ್ಕಪುಸ್ತಕಗಳೇ ಎನ್ನುವುದನ್ನು ಹೇಳದಿದ್ದರೆ ಅನ್ಯಾಯ. ಯಾವ ದಿನ ಯಾವ ಬಣ್ಣದ್ದು ಎಷ್ಟು ಸಿಕ್ಕಿತೆಂದು ಶಿಬಿರಗಳಲ್ಲಿ ದಾಖಲೆ ಇಟ್ಟಿದ್ದರು, ವಿಜ್ಞಾನಿಗಳು ಅದನ್ನೇ ಕೂಡಿ ಕಳೆದರು.

ಕೈಯಲ್ಲಿ ಹಿಡಿದದ್ದು ತಿಳಿದದ್ದಲ್ಲ ಎಂಬುದಕ್ಕೆ ಇಷ್ಟು ದೊಡ್ಡ, ಇಷ್ಟು ಭಾರದ ಸಾಕ್ಷಿ ನನಗೆ ಬೇರೆ ಸಿಕ್ಕಿಲ್ಲ. ಫೋಟೊದವರ ತಪ್ಪೆಂದು ಹೇಳಲಾರೆ. ಆ ಕ್ಷಣದ ಉಲ್ಲಾಸ ಅವರದು ನಿಜವೇ. ಆದರೆ ಫೋಟೊದಲ್ಲಿ ಮೀನು ಕ್ಯಾಮೆರಾದ ಕಡೆ ತಿರುಗಿರುತ್ತದೆ, ಹಿಡಿದವನೂ ಕ್ಯಾಮೆರಾ ನೋಡುತ್ತಿರುತ್ತಾನೆ. ಮೀನನ್ನು ಯಾರೂ ನೋಡುತ್ತಿರುವುದಿಲ್ಲ. ಅಳಿಯನ ಫೋಟೊಗಳಲ್ಲೂ ಅಷ್ಟೇ. ಅವನಿಗೆ ಹೇಳಿದೆ. ‘ಹೌದಲ್ಲ ಮಾಮ’ ಎಂದು ನಕ್ಕ. ಸ್ವಲ್ಪ ಹೊತ್ತು ಬಿಟ್ಟು, ಬಿಟ್ಟ ಮೀನು ತಕ್ಷಣ ಓಡಲಿಲ್ಲ, ದೋಣಿಯ ನೆರಳಲ್ಲಿ ಕಿವಿರು ಆಡಿಸುತ್ತ ನಿಂತಿತ್ತು, ಆಗ ನೋಡಿದೆ, ಅದಕ್ಕೆ ನನಗಿಂತ ಹೆಚ್ಚು ವಯಸ್ಸಾಗಿದ್ದಿರಬಹುದು ಅನಿಸಿತು ಎಂದ. ಇದನ್ನು ಮೊದಲೇ ಹೇಳಿದ್ದರೆ ನಾನು ರೊಕ್ಕದ ಲೆಕ್ಕ ಕೇಳುತ್ತಿರಲಿಲ್ಲ.

ನಮ್ಮ ಹೊಳೆಯಲ್ಲೂ ಹೀಗೆ ಕೈಗೆ ಸಿಕ್ಕಿ ಕಣ್ಣಿಗೆ ಸಿಗದ ಒಂದು ಜೀವವಿದೆ, ಅಥವಾ ಇತ್ತು. ಹಾವುಮೀನು ಎಂದು ನಾವು ಕರೆಯುವುದು ಒಂದೇ ಜಾತಿಯಲ್ಲ. ಬಲೆಗೆ, ಗಾಳಕ್ಕೆ ಆಗಾಗ ಬೀಳುವುದರ ಬೆನ್ನ ಮೇಲೆ ಸಾಲು ಮುಳ್ಳುಗಳಿರುತ್ತವೆ, ಮೂತಿ ಚೂಪು. ಹುಟ್ಟುವುದೂ ಸಾಯುವುದೂ ಸಿಹಿನೀರಿನಲ್ಲೇ. ಇನ್ನೊಂದಿದೆ, ಮುಳ್ಳಿಲ್ಲದ, ತೋಳುಗಾತ್ರದ, ಕಂದು ಮೈಮೇಲೆ ಮಚ್ಚೆಯಿರುವ ಹಾವುಮೀನು. ಅದು ಹುಟ್ಟುವುದು ಸಮುದ್ರದಲ್ಲಿ. ಗಾಜಿನಂತೆ ಪಾರದರ್ಶಕವಾದ ಎಳೆಮರಿ ಅಲೆಗಳಲ್ಲಿ ತೇಲಿ ನದೀಮುಖಕ್ಕೆ ಬಂದು, ಹೊಳೆ ಹತ್ತಿ, ಒಳನಾಡಿನ ಬಂಡೆಸಂದಿಗಳಲ್ಲಿ ವರ್ಷಗಟ್ಟಲೆ ಬದುಕಿ, ಮುಪ್ಪಿನಲ್ಲಿ ಒಂದು ಮಳೆಗಾಲ ತಿರುಗಿ ಸಮುದ್ರಕ್ಕೆ ಹೊರಡುತ್ತದೆ. ಮೊಟ್ಟೆಯಿಟ್ಟು ಅಲ್ಲೇ ಸಾಯುತ್ತದೆ. ಯೂರೋಪಿನಲ್ಲಿ ಇದರ ಬಂಧುವಿನ ಗುಟ್ಟು ಹುಡುಕಿ ಮಹಾಮಹಿಮರು ಸುಸ್ತಾಗಿದ್ದಾರೆ. ಮನಸ್ಸಿನ ಆಳ ಕೆದಕಿದ ಸಿಗ್ಮಂಡ್ ಫ್ರಾಯ್ಡ್ 1876ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗ, ಟ್ರಿಯೆಸ್ಟ್‌ನಲ್ಲಿ ನಾನೂರರಷ್ಟು ಹಾವುಮೀನು ಕುಯ್ದು ಗಂಡಿನ ಬೀಜ ಹುಡುಕುತ್ತ ಕೂತಿದ್ದ. ಡೆನ್ಮಾರ್ಕಿನ ಯೊಹಾನೆಸ್ ಶ್ಮಿಟ್ ಸುಮಾರು ಎರಡು ದಶಕ ಅಟ್ಲಾಂಟಿಕ್ ಜಾಲಾಡಿ, ಅವು ಸರ್ಗಾಸೊ ಸಮುದ್ರದಲ್ಲಿ ಹುಟ್ಟುತ್ತವೆಂದು 1922ರಲ್ಲಿ ಪ್ರಕಟಿಸಿದ. ಅಲ್ಲಿ ಅವು ಮೊಟ್ಟೆಯಿಡುವುದನ್ನು ಕಣ್ಣಾರೆ ಕಂಡವರು ಇಂದಿಗೂ ಇಲ್ಲ.

ತುಂಗಭದ್ರೆ ಕೃಷ್ಣೆಗೆ, ಕೃಷ್ಣೆ ಬಂಗಾಳ ಕೊಲ್ಲಿಗೆ. ಬೆಸ್ತರಜ್ಜ ತಾನು ಹುಡುಗನಿದ್ದಾಗ ಮುಳ್ಳಿಲ್ಲದ್ದು ಸಿಗುತ್ತಿತ್ತು ಎನ್ನುತ್ತಾನೆ. ಅದು ನಿಜವಾದರೆ ಒಂದು ಕಾಲದಲ್ಲಿ ಆಂಧ್ರದ ಕರಾವಳಿಯಿಂದ ಬೆರಳುದ್ದದ ಮರಿಗಳು ಇಲ್ಲಿಯವರೆಗೆ ಹತ್ತಿ ಬಂದಿದ್ದವು ಎಂದಾಯಿತು. ವಿಜಯನಗರದವರ ಅಣೆಗಳು ಅವಕ್ಕೆ ಅಡ್ಡಿಯಾಗಿರಲಾರವು. ತಗ್ಗಾದ ಕಲ್ಲಿನ ಕಟ್ಟೆ, ಮೇಲಿಂದ ನೀರು ಸದಾ ಜಿನುಗುತ್ತಿರುತ್ತದೆ. ಒದ್ದೆಗಲ್ಲಿನ ಮೇಲೆ ತೆವಳಿ ಹತ್ತುವುದು ಆ ಮರಿಗಳ ಹುಟ್ಟುಗುಣ. ನಾಗಾರ್ಜುನಸಾಗರ, ಶ್ರೀಶೈಲದ ಗೋಡೆಗಳು ಹಾಗಲ್ಲ. ಹಾಗೆ ಬಂದದ್ದರಲ್ಲಿ ಯಾವುದಾದರೂ ಬಂಡೆಯೊಳಗೆ ಉಳಿದಿದ್ದರೆ ಅದು ಬಹಳ ಮುದಿಯಾಗಿರಬೇಕು, ಹೋಗಲು ದಾರಿಯಿಲ್ಲದೆ ಕೂತಿರಬೇಕು.

ಹಾಗಾಗಿ ಹಾವುಮೀನು ಸಿಕ್ಕಾಗಲೆಲ್ಲ ಗಾಳ ಬಿಡಿಸುವ ಮೊದಲು ಅದರ ಬೆನ್ನ ಮೇಲೆ ಬೆರಳಾಡಿಸುತ್ತೇನೆ. ಇದುವರೆಗೆ ಸಿಕ್ಕಿದ್ದಕ್ಕೆಲ್ಲ ಮುಳ್ಳಿತ್ತು.